ಇನ್ಸುಲಿನ್ ಶುರುವಾದರೆ ಕತೆ ಮುಗಿಯಿತೇ? 58 ವರ್ಷ ಚುಚ್ಚಿಕೊಂಡ ಎಲಿಜಬೆತ್ ಹ್ಯೂಸ್ ಏನಾದರು?

ಇನ್ಸುಲಿನ್ ಅಂದರೆ ಕೊನೆಯ ಹಂತ, ಒಮ್ಮೆ ಹಿಡಿದರೆ ಚಟವಾಗುತ್ತದೆ, ಕಿಡ್ನಿ ಹಾಳಾಗುತ್ತದೆ, ಡಾಕ್ಟರು ಹೇಳಿದರೂ ಬೇಡ ಅನ್ನಿ. ಈ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಮುಂದೆ ಕಳಿಸುವ ಮೊದಲು ಒಬ್ಬ ಹುಡುಗಿಯ ಬದುಕನ್ನು ಓದಿಬಿಡಿ ಎಂದು ನಾವು ಕೇಳಿಕೊಳ್ಳುತ್ತೇವೆ.

ಎಲಿಜಬೆತ್ ಹ್ಯೂಸ್ ಹುಟ್ಟಿದ್ದು 1907ರಲ್ಲಿ, ಅಮೆರಿಕದಲ್ಲಿ. ತಂದೆ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಆಗ ನ್ಯೂಯಾರ್ಕ್ ರಾಜ್ಯದ ಗವರ್ನರ್, ಮುಂದೆ ದೇಶದ ವಿದೇಶಾಂಗ ಮಂತ್ರಿಯೂ ಆದವರು. ಅಧಿಕಾರ, ಅಂತಸ್ತು ಎಲ್ಲವೂ ಇದ್ದ ಮನೆ. ಆದರೆ 1919ರಲ್ಲಿ, 11 ವರ್ಷದ ಹುಡುಗಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ಅದ್ಯಾವುದೂ ಉಪಯೋಗಕ್ಕೆ ಬರಲಿಲ್ಲ. ಅದು ಟೈಪ್ 1. ಅಂದರೆ ದೇಹ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸುವ ಬಗೆ. ಇನ್ಸುಲಿನ್ ಇನ್ನೂ ಯಾರ ಕೈಗೂ ಸಿಕ್ಕಿರಲಿಲ್ಲ. ಇದ್ದ ಒಂದೇ ದಾರಿ ಡಾ. ಫ್ರೆಡರಿಕ್ ಆಲನ್ ಅವರ ಪಥ್ಯ. ಒಂದೊಂದು ತುತ್ತನ್ನೂ ತೂಗಿ ಕೊಡುವುದು, ಆಗಾಗ ಪೂರ್ತಿ ಉಪವಾಸ. ಹಸಿವಿನಲ್ಲೇ ಇಟ್ಟು ಸಾವನ್ನು ಸ್ವಲ್ಪ ಮುಂದೂಡುವ ಚಿಕಿತ್ಸೆ ಅದು. ಪಥ್ಯದಿಂದಲೇ ಇದು ವಾಸಿಯಾಗುತ್ತದೆ ಎನ್ನುವವರು ಈ ಮೂರು ವರ್ಷಗಳನ್ನು ನೆನಪಿಡಬೇಕು. 1922ರ ಆಗಸ್ಟ್ ಹೊತ್ತಿಗೆ, 15 ತುಂಬಲಿದ್ದ ಹುಡುಗಿಯ ತೂಕ ಬರೀ 20 ಕಿಲೋ.

ಅದೇ ವರ್ಷ ಜನವರಿಯಲ್ಲಿ ಕೆನಡಾದ ಟೊರೊಂಟೊದಲ್ಲಿ ಲೆನರ್ಡ್ ಥಾಮ್ಸನ್ ಎಂಬ 14ರ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಕೊಡಲಾಗಿತ್ತು. ಎಲಿಜಬೆತ್‌ಳ ತಾಯಿ ಡಾ. ಫ್ರೆಡರಿಕ್ ಬ್ಯಾಂಟಿಂಗ್ ಅವರಿಗೆ ಪತ್ರ ಬರೆದರು. ಮದ್ದು ಸಾಲದು ಎಂದು ಅವರು ಮೊದಲು ಒಪ್ಪಲಿಲ್ಲ. ಆಗಸ್ಟ್‌ನಲ್ಲಿ ಒಪ್ಪಿದರು. ಕೆಲವೇ ತಿಂಗಳಲ್ಲಿ ತೂಕ ಇಮ್ಮಡಿಗೂ ಹೆಚ್ಚಾಯಿತು. ಎಷ್ಟೋ ಕಾಲದಿಂದ ಮುಟ್ಟದಿದ್ದ ಬ್ರೆಡ್ ಮತ್ತೆ ತಟ್ಟೆಗೆ ಬಂತು.

ಅಸಲಿ ಕಷ್ಟ ಇದ್ದದ್ದು ಅಳತೆಯಲ್ಲಿ. ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಆ ಮದ್ದು ಒಂದು ಬ್ಯಾಚಿನಲ್ಲಿ ಸಪ್ಪೆ, ಇನ್ನೊಂದರಲ್ಲಿ ಖಾರ. ಕಡಿಮೆಯಾದರೆ ಸಕ್ಕರೆ ಏರುತ್ತಿತ್ತು, ಹೆಚ್ಚಾದರೆ ಬೆವರು, ನಡುಕ, ಪ್ರಜ್ಞೆ ತಪ್ಪುವ ಭಯ. ಅದಕ್ಕೆಂದೇ ರೋಗಿಗಳು ಜೇಬಿನಲ್ಲಿ ಕ್ಯಾಂಡಿ ಇಟ್ಟುಕೊಳ್ಳುತ್ತಿದ್ದರು. ಮದ್ದಿನ ಬಲ ಅಳೆಯಲು ಮೊಲಗಳ ಮೇಲೆ ಪರೀಕ್ಷೆ ಮಾಡುತ್ತಿದ್ದರು. ಇಂದು ನಾವು ಸಲೀಸಾಗಿ ಹೇಳುವ ಯೂನಿಟ್ ಹುಟ್ಟಿದ್ದು ಹಾಗೆ. ಇಂಥ ಮದ್ದನ್ನು ಗಾಜಿನ ಸಿರಿಂಜಿನಲ್ಲಿ ಅಳೆದು ತಾನೇ ಚುಚ್ಚಿಕೊಳ್ಳುವುದನ್ನು ಎಲಿಜಬೆತ್ ಕಲಿತಳು.

ಇವತ್ತು ಬ್ಯಾಚಿನ ಚಿಂತೆ ಇಲ್ಲ. ಆದರೆ ಅಳತೆ ಈಗಲೂ ತಪ್ಪಬಹುದು, ಅದೂ ನಮ್ಮ ಮನೆಗಳಲ್ಲೇ. ನಮ್ಮ ದೇಶದ ಮೆಡಿಕಲ್ ಶಾಪ್‌ಗಳಲ್ಲಿ ಎರಡು ಬಗೆಯ ಸಿರಿಂಜ್ ಸಿಗುತ್ತವೆ: ಕೆಂಪು ಮುಚ್ಚಳದ ಯು-40, ಕಿತ್ತಳೆ ಮುಚ್ಚಳದ ಯು-100. ಒಂದು ಎಂ.ಎಲ್. ಮದ್ದಿನಲ್ಲಿ 40 ಯೂನಿಟ್ ಇರುವ ಬಾಟಲಿಗೆ ಮೊದಲನೆಯದು, 100 ಇರುವುದಕ್ಕೆ ಎರಡನೆಯದು. 100ರ ಮದ್ದನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು 50 ಯೂನಿಟ್. ಇದು ಪ್ರಾಣಾಪಾಯ. 40ರ ಮದ್ದನ್ನು ಕಿತ್ತಳೆ ಮುಚ್ಚಳದ್ದರಲ್ಲಿ ಅದೇ ಗೆರೆಗೆ ಎಳೆದರೆ ಹೋಗುವುದು ಬರೀ 8. ಅಂಗಡಿಯವರು ಕೊಟ್ಟಿದ್ದನ್ನು ಹಾಗೇ ತರಬೇಡಿ. ಬಾಟಲಿ ಮೇಲಿನ ಅಂಕಿಯನ್ನೂ ಸಿರಿಂಜಿನ ಅಂಕಿಯನ್ನೂ ಪಕ್ಕದಲ್ಲಿಟ್ಟು ನೋಡಿ. ಕಣ್ಣು ಮಂಜಾದ ಅಜ್ಜ ಅಜ್ಜಿಯರಿಗೆ ಮನೆಯವರು ಯಾರಾದರೂ ನೋಡಿ ಕೊಡಲಿ.

ಸಿರಿಂಜಿನ ಗಾಳಿಗುಳ್ಳೆಯಿಂದ ಪ್ರಾಣ ಹೋಗುತ್ತದೆ ಎಂಬ ಇನ್ನೊಂದು ಫಾರ್ವರ್ಡ್ ಇದೆ. ಇನ್ಸುಲಿನ್ ಹೋಗುವುದು ಚರ್ಮದಡಿಯ ಕೊಬ್ಬಿಗೆ, ರಕ್ತನಾಳಕ್ಕಲ್ಲ. ಸಣ್ಣ ಗುಳ್ಳೆ ಕೊಲ್ಲುವುದಿಲ್ಲ. ಆದರೆ ಅದು ಮದ್ದಿನ ಜಾಗ ತಿನ್ನುತ್ತದೆ, ಡೋಸ್ ಕಡಿಮೆಯಾಗುತ್ತದೆ, ಹಾಗಾಗಿ ಬೆರಳಿನಿಂದ ತಟ್ಟಿ ಹೊರಗೆ ಹಾಕಿ. ಮಂದವಾಗಿ ಹಾಲಿನಂತೆ ಕಾಣುವ ಇನ್ಸುಲಿನ್ ಆದರೆ ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ, ಕುಲುಕಬೇಡಿ. ದಿನವೂ ಒಂದೇ ಜಾಗದಲ್ಲಿ ಚುಚ್ಚಿದರೆ ಅಲ್ಲಿ ಗಂಟು ಕಟ್ಟಿ ಮದ್ದು ಸರಿಯಾಗಿ ಹೀರಿಕೊಳ್ಳುವುದಿಲ್ಲ, ಜಾಗ ಬದಲಿಸುತ್ತಿರಿ. ಬಳಸಿದ ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ. ಕಸದ ಚೀಲಕ್ಕೆ ಹಾಕಿದರೆ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. ಡೋಸ್ ಮಾತ್ರ ನಿಮ್ಮ ಡಾಕ್ಟರೇ ಹೇಳಬೇಕು, ಪಕ್ಕದ ಮನೆಯವರ ಡೋಸ್ ನಿಮಗಲ್ಲ.

ಇನ್ನು ಚಟದ ಮಾತು. ಎಲಿಜಬೆತ್ ಜೀವನಪೂರ್ತಿ ಚುಚ್ಚಿಕೊಂಡದ್ದು ಅಭ್ಯಾಸದಿಂದಲ್ಲ, ಆಕೆಯ ದೇಹದಲ್ಲಿ ಅದು ಇರಲೇ ಇಲ್ಲ. ಟೈಪ್ 2 ಇರುವ ಕೆಲವರಿಗೆ ಆಪರೇಷನ್, ಬಸಿರು, ಸೋಂಕಿನಂಥ ಹೊತ್ತಿನಲ್ಲಿ ಶುರು ಮಾಡಿ ಆಮೇಲೆ ನಿಲ್ಲಿಸುವುದೂ ಉಂಟು. ಕಿಡ್ನಿ ಕೆಡಿಸುವುದು ವರ್ಷಗಟ್ಟಲೆ ಹತೋಟಿ ತಪ್ಪಿದ ಸಕ್ಕರೆ.

ಎಲಿಜಬೆತ್ 1929ರಲ್ಲಿ ಬಾರ್ನಾರ್ಡ್ ಕಾಲೇಜಿನಲ್ಲಿ ಪದವಿ ಮುಗಿಸಿದರು, 1930ರಲ್ಲಿ ವಕೀಲ ವಿಲಿಯಂ ಗಾಸೆಟ್ ಅವರನ್ನು ಮದುವೆಯಾದರು. ಮೂರು ಮಕ್ಕಳಾದವು. ಅಮೆರಿಕದ ಸುಪ್ರೀಂ ಕೋರ್ಟ್ ಇತಿಹಾಸ ಸಂಘ ಕಟ್ಟುವುದರಲ್ಲಿ ಮುಂದೆ ನಿಂತರು. ತಮ್ಮ ಕಾಯಿಲೆಯನ್ನು ಮಾತ್ರ ಬಹುತೇಕ ಎಲ್ಲರಿಂದ ಮುಚ್ಚಿಟ್ಟರು, ಆ ಕಾಲದಲ್ಲೂ ಜನರ ಬಾಯಿ ಸುಮ್ಮನಿರುತ್ತಿರಲಿಲ್ಲವೇನೋ. 1981ರಲ್ಲಿ, 73ನೇ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅವರು ತೆಗೆದುಕೊಂಡಿದ್ದ ಇಂಜೆಕ್ಷನ್‌ಗಳು ಸುಮಾರು 42 ಸಾವಿರ.