ಅಂಧ ಮಕ್ಕಳ ಬಾಳಿಗೆ ಸ್ವರವಿತ್ತ ಪಂಚಾಕ್ಷರಿ ಗವಾಯಿ

ಗದಗ: ರೋಣ ತಾಲ್ಲೂಕಿನ ಜಕ್ಕಲಿಯಂಥ ಹಳ್ಳಿಗಳಿಗೆ ಸಮೀಪದ ದೊಡ್ಡ ಊರಾದ ಗದಗವನ್ನು ಸಂಗೀತದ ನೆಲೆಯಾಗಿಸಿದವರು ಪಂಚಾಕ್ಷರಿ ಗವಾಯಿಗಳು. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಅವರ ಬಾಲ್ಯದ ಹೆಸರು ಗದಿಗೆಯ್ಯ. ಹುಟ್ಟಿನಿಂದಲೇ ದೃಷ್ಟಿ ಇರಲಿಲ್ಲ. ಸಹೋದರ ಗುರುಬಸಯ್ಯನೂ ಅಂಧ. ಬಾಲಕನ ಕಂಠವನ್ನು ಗುರುತಿಸಿ ಶಿಕ್ಷಣದ ಹೊಣೆ ಹೊತ್ತವರು ಹಾನಗಲ್ಲ ಕುಮಾರಸ್ವಾಮಿಗಳು. ಮೈಸೂರಿನಲ್ಲಿ ಕರ್ನಾಟಕ ಸಂಗೀತ, ನೀಲಕಂಠ ಬುವಾ ಮಿರಜಕರ ಬಳಿ ಹಿಂದೂಸ್ತಾನಿ ಸಂಗೀತದ ಅಭ್ಯಾಸ ನಡೆಯಿತು.

ಕಛೇರಿಗಳಿಂದಲೇ ಅವರು ಸುಖವಾಗಿ ಬದುಕಬಹುದಿತ್ತು. ಆದರೆ ಅಂಧ, ಅನಾಥ ಮಕ್ಕಳನ್ನು ಕೂಡಿಸಿಕೊಂಡು ಊರೂರು ಸಂಚರಿಸುತ್ತ ಪಾಠ ಹೇಳಿದರು. ಹಲವು ದಿನ ಭಿಕ್ಷೆಯೆತ್ತಿ ಮಕ್ಕಳ ಹಸಿವು ನೀಗಿಸಬೇಕಾಯಿತು. ಪುಸ್ತಕ ಓದಲಾಗದ ಆ ಮಕ್ಕಳಿಗೆ ಕಿವಿಯೇ ಪಠ್ಯ. ಗುರುವಿನ ಹಿಂದೆ ಒಟ್ಟಾಗಿ ಹಾಡಿ ರಾಗ, ತಾಳ ಮನನ ಮಾಡಿಕೊಂಡರು. ಕುರುಡರಿಗೆ ಭಿಕ್ಷಾಟನೆಯೇ ಗತಿಯೆಂದು ಸಮಾಜ ನಂಬಿದ್ದ ಕಾಲವದು. ಅಂಥ ಮಕ್ಕಳು ಗಾಯಕರಾಗಿ, ಕೀರ್ತನಕಾರರಾಗಿ, ಸಂಗೀತ ಶಿಕ್ಷಕರಾಗಿ ಸ್ವಂತ ಅನ್ನ ಸಂಪಾದಿಸಿದ್ದು ಸಣ್ಣ ಮಾತಲ್ಲ.

ಬಸರಿಗಿಡದ ವೀರಪ್ಪನವರ ನೆರವಿನಿಂದ ಗದುಗಿನಲ್ಲಿ ನೆಲೆ ದೊರೆತು, ಅವರ ಹೆಸರಿನಲ್ಲೇ ವೀರೇಶ್ವರ ಪುಣ್ಯಾಶ್ರಮ ಬೆಳೆಯಿತು. ದೃಷ್ಟಿಯುಳ್ಳವರೂ ಶಿಷ್ಯರಾದರು, ಬಸವರಾಜ ರಾಜಗುರು ಅವರಲ್ಲೊಬ್ಬರು. 1944ರಲ್ಲಿ ಗವಾಯಿಗಳು ಲಿಂಗೈಕ್ಯರಾದಾಗ ಆಶ್ರಮದ ಹೊಣೆ ಅಂಧ ಶಿಷ್ಯ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಿತ್ತು. 2010ರಲ್ಲಿ ನಿಧನರಾಗುವವರೆಗೂ ಅವರು ಅದನ್ನು ಇಳಿಸಲಿಲ್ಲ.