ಸೇಠ್ ವಾಲಚಂದ ಹಿರಾಚಂದರೂ ಹಳೆಯ ಯುದ್ಧವಿಮಾನಗಳೂ

ಹಿಂದಿನ ಯುದ್ಧಗಳಲ್ಲಿ ದುಡಿದ ವಿಮಾನಗಳನ್ನು ದುರಸ್ತುಮಾಡಿ ಮತ್ತೆ ಆಕಾಶದಲ್ಲಿ ಹಾರಿಸಬೇಕೆ, ಅಥವಾ ವಸ್ತುಸಂಗ್ರಹಾಲಯದಲ್ಲಿಟ್ಟು ಕಾಪಾಡಬೇಕೆ ಎಂಬುದು ಬಲ್ಲವರಲ್ಲಿಯೂ ಎರಡು ಪಕ್ಷಗಳನ್ನುಂಟುಮಾಡಿರುವ ಪ್ರಶ್ನೆ. ರೈಲು ಕವಲೊಡೆಯುವ ಬೀರೂರಿನಲ್ಲಿ ಕುಳಿತು ಓದುವವರಿಗೆ ಇದು ಬೆಂಗಳೂರಿನವರ ಹವ್ಯಾಸವೆಂದು ತೋರಬಹುದು. ಆದರೆ ಯುದ್ಧದ ಸಾಧನವೊಂದನ್ನು ಯುದ್ಧ ಮುಗಿದ ಮೇಲೆ ಹೇಗೆ ಉಳಿಸಿಕೊಳ್ಳಬೇಕೆಂಬ ಚಿಂತೆ ಬೀರೂರು ಅಜ್ಜಂಪುರಗಳ ಸೀಮೆಗೆ ಹೊಸದಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂದೂ ಟಿಪ್ಪೂ ಸುಲ್ತಾನನ ಕಾಲದಿಂದ ಅಮೃತಮಹಲ್ ಎಂದೂ ಹೆಸರಾದ ದನಗಳು ಮೈಸೂರಿನ ಸೈನ್ಯದ ಫಿರಂಗಿಗಳನ್ನು ಎಳೆದಂಥವು. ಆ ಯುದ್ಧಗಳು ಮುಗಿದು ಎರಡು ಶತಮಾನಗಳು ಸಂದರೂ ತಳಿಯು ಅಳಿಯಲಿಲ್ಲ. ಕಾವಲುಗಳಲ್ಲಿ ಮೇಯಿಸಿ, ಕರುಗಳನ್ನು ಬೆಳೆಸಿ ಅದನ್ನು ಉಳಿಸಿಕೊಂಡು ಬರಲಾಗಿದೆ. ಯಂತ್ರಕ್ಕಾದರೋ ಕರುವಿಲ್ಲ. ಇರುವುದೊಂದು ಹೋದರೆ ಹೋದಂತೆಯೇ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು, ಬೆಂಗಳೂರಿನ ವಿಮಾನ ಕಾರ್ಖಾನೆಯ ಮೂಲಪುರುಷರಾದ ಸೇಠ್ ವಾಲಚಂದ ಹಿರಾಚಂದರ ಜೀವನವನ್ನು ವಾಚಕರ ಮುಂದಿಡಲು ಬಯಸುವೆವು. ಈ ಪ್ರಶ್ನೆಗೆ ಬೇಕಾದ ಸಾಮಗ್ರಿಯು ಅದರಲ್ಲಿಯೇ ಹೇರಳವಾಗಿರುವುದು.

ವಾಲಚಂದರು 1882ನೆಯ ಇಸವಿ ನವೆಂಬರು 23ರಂದು, ಕನ್ನಡ ಮರಾಠಿಗಳೆರಡೂ ಕೇಳಿಬರುವ ಸೊಲ್ಲಾಪುರದಲ್ಲಿ, ಗುಜರಾತಿ ಮಾತನಾಡುವ ದಿಗಂಬರ ಜೈನ ಮನೆತನವೊಂದರಲ್ಲಿ ಜನಿಸಿದರು. ತಂದೆಯವರದು ಹತ್ತಿಯ ವ್ಯಾಪಾರ ಮತ್ತು ಲೇವಾದೇವಿ. ಬೊಂಬಾಯಿಯಲ್ಲಿಯೂ ಪುಣೆಯಲ್ಲಿಯೂ ಕಾಲೇಜು ಸೇರಿದರಾದರೂ ಓದು ಪದವಿಯವರೆಗೆ ಸಾಗಲಿಲ್ಲ. ಮನೆಯ ವ್ಯಾಪಾರವೂ ರುಚಿಸಲಿಲ್ಲ. ಫಾಟಕರೆಂಬವರೊಡನೆ ಪಾಲುಗಾರಿಕೆ ಮಾಡಿ ರೈಲು ದಾರಿ ಹಾಕುವ ಕಂತ್ರಾಟಿಗೆ ಇಳಿದರು. ಬಾರ್ಸಿಯ ಚಿಕ್ಕ ರೈಲಿನಿಂದ ಮೊದಲಾದ ಆ ಕೆಲಸವು ಮುಂದೆ ಭೋರಘಾಟದ ಸುರಂಗಗಳವರೆಗೆ ಬೆಳೆಯಿತು. ಮಣ್ಣು, ಕಲ್ಲು, ಕೂಲಿ, ಅವಧಿ ಇವುಗಳ ಲೆಕ್ಕದಲ್ಲಿ ಪಳಗಿದ ಈ ಮನುಷ್ಯನಿಗೆ ಯಾವ ವಸ್ತುವನ್ನು ಕಂಡರೂ ಇದರಿಂದ ಏನು ಕೆಲಸವಾದೀತು ಎಂಬ ಯೋಚನೆಯೇ ಮೊದಲು ಬರುತ್ತಿದ್ದಿತೆಂದು ಅವರ ಉದ್ಯಮಗಳ ಚರಿತ್ರೆಯಿಂದ ಊಹಿಸಬಹುದಾಗಿದೆ.

ಮೊದಲನೆಯ ಮಹಾಯುದ್ಧವು ಮುಗಿದಾಗ ಗ್ವಾಲಿಯರ್ ಮಹಾರಾಜರ ಬಳಿ ಲಾಯಲ್ಟಿ ಎಂಬ ಹಡಗೊಂದಿದ್ದಿತು. 1891ರಿಂದ ಎಂಪ್ರೆಸ್ ಆಫ್ ಇಂಡಿಯಾ ಎಂಬ ಹೆಸರಿನಲ್ಲಿ ಕೆನಡಾ ದೇಶಕ್ಕೂ ಪೂರ್ವದೇಶಗಳಿಗೂ ನಡುವೆ ಓಡಾಡುತ್ತಿದ್ದ ಅದನ್ನು ಮಹಾರಾಜರು 1914ರಲ್ಲಿ ಕೊಂಡು, ಗಾಯಗೊಂಡ ಭಾರತೀಯ ಸೈನಿಕರಿಗೆ ತೇಲುವ ಆಸ್ಪತ್ರೆಯಾಗಿ ಮಾಡಿಸಿದ್ದರು. ಯುದ್ಧದ ಕೆಲಸ ತೀರಿದ ಆ ಮುದಿ ಹಡಗನ್ನು ವಾಲಚಂದರೂ, ನರೋತ್ತಮ ಮೊರಾರ್ಜಿ ಮೊದಲಾದ ಬೊಂಬಾಯಿಯ ವರ್ತಕರೂ ಸೇರಿ ಕೊಂಡು, ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯನ್ನು ಸ್ಥಾಪಿಸಿದರು. 1919ನೆಯ ಇಸವಿ ಏಪ್ರಿಲ್ 5ರಂದು ಲಾಯಲ್ಟಿಯು ಬೊಂಬಾಯಿಯಿಂದ ಲಂಡನ್ನಿಗೆ ಹೊರಟಿತು. ಭಾರತೀಯರ ಬಂಡವಾಳ, ಭಾರತೀಯರ ಒಡೆತನ. ಸಮುದ್ರವೆಲ್ಲ ಆಂಗ್ಲ ಕಂಪನಿಗಳ ಸ್ವತ್ತೆಂಬಂತಿದ್ದ ಆ ಕಾಲದಲ್ಲಿ ಅದು ಸಣ್ಣ ಸಂಗತಿಯಾಗಿರಲಿಲ್ಲ. ನಿಷ್ಠೆಯೆಂಬ ಅರ್ಥದ ಹೆಸರನ್ನು ಹೊತ್ತ ಹಡಗೇ ಆಂಗ್ಲ ಹಡಗುಗಾರರ ನಿದ್ರೆಗೆಡಿಸಿದುದು ವಿನೋದವೆಂದೇ ಹೇಳಬೇಕು. ಲಾರ್ಡ್ ಇಂಚ್‌ಕೇಪರ ಬ್ರಿಟಿಷ್ ಇಂಡಿಯಾ ಕಂಪನಿಯವರು ಬಾಡಿಗೆ ದರಗಳನ್ನು ಇಳಿಸಿ ಹೊಸಬರನ್ನು ಮುಳುಗಿಸಲು ಹವಣಿಸಿದರು. 1923ರಲ್ಲಿ ಸಿಂಧಿಯಾದವರು ಹತ್ತು ವರ್ಷಗಳ ಬಿಗಿಯಾದ ಕರಾರೊಂದಕ್ಕೆ ಒಪ್ಪಿ ಕರಾವಳಿಯ ಸಾಗಣೆಯಲ್ಲಿ ಮಾತ್ರ ನೆಲೆಯೂರಬೇಕಾಯಿತು.

ಲಾಯಲ್ಟಿಯ ಗತಿಯೇನಾಯಿತು? ಅದೇ 1923ರಲ್ಲಿ ಅದನ್ನು ಒಡೆದು ಹಳೆಯ ಕಬ್ಬಿಣಕ್ಕೆ ಹಾಕಲಾಯಿತು. ಹಡಗು ಹಳೆಯದು, ಖರ್ಚು ಹೆಚ್ಚು. ವ್ಯಾಪಾರಿಯ ಲೆಕ್ಕದಲ್ಲಿ ತಪ್ಪಿಲ್ಲ. 1964ರಿಂದೀಚೆಗೆ ಏಪ್ರಿಲ್ 5ನ್ನು ರಾಷ್ಟ್ರೀಯ ನೌಕಾಯಾನ ದಿನವೆಂದು ದೇಶವು ಆಚರಿಸುತ್ತಿರುವುದು. ದಿನವಿದೆ, ಹಡಗಿಲ್ಲ. ಯಾವ ಬಾಲಕನನ್ನೂ ಕರೆದೊಯ್ದು ಇದೇ ಆ ಹಡಗು ಎಂದು ತೋರಿಸುವಂತಿಲ್ಲ. ಕೆಲಸ ಮಾಡುವಷ್ಟು ದಿನ ಮಾಡಿಸಿ ಮುಗಿಸಿಬಿಡುವ ನೀತಿಯ ಫಲವಿದು.

ಇನ್ನು ವಿಮಾನದ ವಿಷಯ. 1939ರ ಕೊನೆಯಲ್ಲಿ ವಾಲಚಂದರು ಅಮೆರಿಕದಿಂದ ಪೆಸಿಫಿಕ್ ಸಾಗರವನ್ನು ದಾಟುವ ವಿಮಾನದಲ್ಲಿ ಪೂರ್ವಕ್ಕೆ ಬರುತ್ತಿದ್ದಾಗ, ಚೀಣಾ ದೇಶದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದ ವಿಲಿಯಂ ಪಾಲಿ ಎಂಬ ಅಮೆರಿಕನ್ನನು ಸಹಪ್ರಯಾಣಿಕನಾಗಿ ದೊರೆತನು. ಚೀಣಾದಲ್ಲಿ ಸಾಧ್ಯವಾದುದು ಭಾರತದಲ್ಲೇಕೆ ಸಾಧ್ಯವಾಗಬಾರದೆಂಬ ಆಲೋಚನೆಯು ಆ ಪ್ರಯಾಣದಲ್ಲಿಯೇ ಹುಟ್ಟಿತು. ಭಾರತ ಸರ್ಕಾರವು ಮೊದಲು ಉತ್ಸಾಹ ತೋರಲಿಲ್ಲ. 1940ರಲ್ಲಿ ಐರೋಪ್ಯ ಯುದ್ಧದ ಗತಿ ಕೆಟ್ಟಮೇಲೆ ಮನಸ್ಸು ಬದಲಾಯಿಸಿತು. ಕಾರ್ಖಾನೆಗೆ ಸ್ಥಳವನ್ನು ಹುಡುಕುತ್ತಿದ್ದ ವಾಲಚಂದರಿಗೆ ಕೈನೀಡಿದವರು ಮೈಸೂರಿನ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರು. ಸಂಸ್ಥಾನವು ಬೆಂಗಳೂರಿನ ಹೊರವಲಯದಲ್ಲಿ ವಿಶಾಲವಾದ ಭೂಮಿಯನ್ನು ಕೊಟ್ಟುದಲ್ಲದೆ 25 ಲಕ್ಷ ರೂಪಾಯಿಗಳ ಪಾಲುದಾರನೂ ಆಯಿತು. ಶಿವನಸಮುದ್ರದ ವಿದ್ಯುಚ್ಛಕ್ತಿ, ಟಾಟಾ ವಿಜ್ಞಾನಮಂದಿರ, ಹಿತವಾದ ಹವೆ, ಶತ್ರುವಿನ ಹಡಗುಗಳಿಗೆ ದೂರವಾದ ಒಳನಾಡು ಇವೆಲ್ಲವೂ ಬೆಂಗಳೂರಿಗೆ ಅನುಕೂಲವಾಗಿದ್ದುವು. 1940ನೆಯ ಇಸವಿ ಡಿಸೆಂಬರು 23ರಂದು ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯು ನೋಂದಣಿಯಾಯಿತು. 1941ರ ಆಗಸ್ಟಿನಲ್ಲಿ, ಅಂದರೆ ಒಂಬತ್ತು ತಿಂಗಳೊಳಗಾಗಿ, ಇಲ್ಲಿ ಜೋಡಿಸಿದ ಹಾರ್ಲೋ ಎಂಬ ತರಬೇತಿ ವಿಮಾನವು ಹಾರಿತು. ಮರು ವರ್ಷ ಕರ್ಟಿಸ್ ಹಾಕ್ ಎಂಬ ಯುದ್ಧವಿಮಾನವು ಹಾರಿತು.

ಅಷ್ಟರಲ್ಲಿ ಕಾರ್ಖಾನೆಯು ವಾಲಚಂದರ ಕೈತಪ್ಪಿದ್ದಿತು. ಜಪಾನೀಯರು ಬರ್ಮಾ ದೇಶವನ್ನು ನುಗ್ಗಿ ಬರುತ್ತಿದ್ದ 1942ರ ಏಪ್ರಿಲಿನಲ್ಲಿ ಭಾರತ ಸರ್ಕಾರವು ಅವರ ಮತ್ತು ಸಹಚರರ ಪಾಲನ್ನು ಹಣಕೊಟ್ಟು ತಾನೇ ವಹಿಸಿಕೊಂಡಿತು. ಮೈಸೂರು ಸರ್ಕಾರವು ಪಾಲನ್ನು ಉಳಿಸಿಕೊಂಡಿತಾದರೂ ಯುದ್ಧಕಾಲದ ಆಡಳಿತದಲ್ಲಿ ಅದಕ್ಕೆ ಕೈಯಿರಲಿಲ್ಲ. ವಾಲಚಂದರು ನಷ್ಟಪಟ್ಟು ಹೊರಬಂದವರೇನೂ ಅಲ್ಲ. ಅವರನ್ನು ತ್ಯಾಗಿಯೆಂದು ಚಿತ್ರಿಸುವುದು ನಮ್ಮ ಉದ್ದೇಶವೂ ಅಲ್ಲ. ಆದರೆ ಯಾವ ಕಾರ್ಖಾನೆಯಲ್ಲಿ ಭಾರತದ ವಿಮಾನವನ್ನು ಭಾರತೀಯರು ನಿರ್ಮಿಸಬೇಕೆಂದು ಅವರು ಬಯಸಿದ್ದರೋ, ಅದು 1943ರಲ್ಲಿ ಅಮೆರಿಕದ ಸೈನ್ಯದ ಕೈಗೆ ಹೋಗಿ, ಕೆಟ್ಟ ವಿಮಾನಗಳನ್ನು ಸರಿಪಡಿಸುವ ದೊಡ್ಡ ದುರಸ್ತಿ ಕೇಂದ್ರವಾಯಿತು. ಇದೊಂದು ನಿರಾಶೆಯೇ ಸರಿ. ಆದರೆ ಆ ದುರಸ್ತಿ ಕೆಲಸದಲ್ಲಿ ಬೆಂಗಳೂರಿನ ಕೆಲಸಗಾರರ ಕೈ ಪಳಗಿತು. ಅದರ ಬೆಲೆ ಯಾರಿಗೂ ಆಗ ತಿಳಿಯಲಿಲ್ಲ.

ವಾಲಚಂದರ ಉಳಿದ ಜೀವನವನ್ನು ಸಂಕ್ಷೇಪವಾಗಿ ಹೇಳಬಹುದು. ವಿಶಾಖಪಟ್ಟಣದಲ್ಲಿ ಅವರು ಕಟ್ಟಿದ ಹಡಗಿನ ಕಾರ್ಖಾನೆಯಿಂದ ಜಲ ಉಷಾ ಎಂಬ ಹಡಗು 1948ರಲ್ಲಿ ನೀರಿಗಿಳಿಯಿತು. 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಕಂಪನಿಯಿಂದ ಮೋಟಾರು ಕಾರುಗಳು ಹೊರಬಂದುವು. 1949ರಲ್ಲಿ ಪಾರ್ಶ್ವವಾಯು ಬಡಿದು, 1953ನೆಯ ಇಸವಿ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ಅವರು ಕಾಲವಾದರು. ಅದಕ್ಕೆ ಎರಡು ವರ್ಷಗಳ ಹಿಂದೆ, 1951ರ ಆಗಸ್ಟಿನಲ್ಲಿ, ಡಾಕ್ಟರ್ ಘಾಟಗೆಯವರು ರಚಿಸಿದ ಎಚ್‌.ಟಿ.-2 ಎಂಬ ತರಬೇತಿ ವಿಮಾನವು ಬೆಂಗಳೂರಿನಲ್ಲಿ ಹಾರಿದ್ದಿತು. ಭಾರತೀಯರೇ ರಚಿಸಿ ಭಾರತೀಯರೇ ನಿರ್ಮಿಸಿದ ವಿಮಾನವನ್ನು ಆ ಕಾರ್ಖಾನೆಯಿಂದ ಹಾರಿಸಬೇಕೆಂಬ ಅವರ ಆಸೆಯು, ಅವರ ಕೈಯಿಂದಲ್ಲದಿದ್ದರೂ, ಅವರ ಕಣ್ಣ ಮುಂದೆಯೇ ನೆರವೇರಿತೆನ್ನಬಹುದು.

ನಮ್ಮ ಪ್ರಶ್ನೆಗೆ ಹತ್ತಿರವಾದ ಸಂಗತಿಯು ನಡೆದುದು 1948ರಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕವು ಆಂಗ್ಲರಿಗೆ ಎರವಲು ಕೊಟ್ಟಿದ್ದ ಲಿಬರೇಟರ್ ಎಂಬ ನಾಲ್ಕು ಎಂಜಿನುಗಳ ಭಾರಿ ಬಾಂಬು ವಿಮಾನಗಳು, ಯುದ್ಧ ಮುಗಿದಾಗ, ಕಾನಪುರದಲ್ಲಿ ರಾಶಿ ಬಿದ್ದಿದ್ದುವು. ಕರಾರಿನಂತೆ ಅವುಗಳನ್ನು ಯಾರೂ ಬಳಸದಂತೆ ಉದ್ದೇಶಪೂರ್ವಕವಾಗಿ ಕೆಡಿಸಿಡಲಾಗಿದ್ದಿತು. ಹೊಸ ಸ್ವತಂತ್ರ ದೇಶಕ್ಕೆ ಭಾರಿ ವಿಮಾನಗಳು ಬೇಕಾಗಿದ್ದುವು, ಕೊಳ್ಳಲು ಹಣವಿರಲಿಲ್ಲ. ಬೆಂಗಳೂರಿನ ಕಾರ್ಖಾನೆಯವರು ಕಾನಪುರಕ್ಕೆ ಹೋಗಿ, ಒಂದರ ಅಂಗವನ್ನು ಇನ್ನೊಂದಕ್ಕೆ ಜೋಡಿಸಿ, ಹೇಗೋ ಮೇಲೇಳುವಷ್ಟರ ಮಟ್ಟಿಗೆ ಸರಿಪಡಿಸಿದರು. ಕಾರ್ಖಾನೆಯ ವೈಮಾನಿಕರಾದ ಜಮಶೇದ್ ಮುನ್ಷಿಯವರು ಅವುಗಳನ್ನು ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ಣ ದುರಸ್ತಿಯಾಗಿ ಸುಮಾರು 40 ಲಿಬರೇಟರುಗಳು ಭಾರತದ ವಾಯುಪಡೆಯನ್ನು ಸೇರಿದುವು. ಅಮೆರಿಕದಲ್ಲಿ ಇಂಥ ವಿಮಾನಗಳನ್ನು 18,000ಕ್ಕೂ ಹೆಚ್ಚಾಗಿ ನಿರ್ಮಿಸಿದ್ದರು. ಯುದ್ಧಾನಂತರ ಅಲ್ಲಿ ಅವುಗಳನ್ನು ಕರಗಿಸಿ ಅಲ್ಯೂಮಿನಿಯಂ ಮಾಡಿಕೊಂಡರು. ನಮ್ಮವು ಮಾತ್ರ 1968ರ ಕೊನೆಯವರೆಗೆ ಹಾರಿದುವು. ಆದುದರಿಂದಲೇ ಲೋಕದಲ್ಲಿ ಉಳಿದಿರುವ ಬೆರಳೆಣಿಕೆಯ ಲಿಬರೇಟರುಗಳಲ್ಲಿ ಹಲವು ಬೆಂಗಳೂರಿನ ಕೈ ತಾಗಿದಂಥವು. ದೆಹಲಿಯ ಪಾಲಂನಲ್ಲಿ, ಇಂಗ್ಲೆಂಡಿನ ವಾಯುಪಡೆಯ ಸಂಗ್ರಹಾಲಯದಲ್ಲಿ, ಕೆನಡಾದಲ್ಲಿ, ಅಮೆರಿಕದ ಅರಿಜೋನಾದಲ್ಲಿ ಅವು ನಿಂತಿರುವುವು.

ಇದರಿಂದ ಹಾರಿಸಬೇಕೆನ್ನುವವರಿಗೆ ಬಲವಾದ ವಾದವು ದೊರೆಯುವುದು. ದುಡಿಸಿದುದರಿಂದಲೇ ಇವು ಉಳಿದುವಲ್ಲವೆ? ಎಂಜಿನನ್ನು ಓಡಿಸಬಲ್ಲ ಕೈಗಳು ಇರುವವರೆಗೆ ಮಾತ್ರ ಆ ವಿದ್ಯೆಯು ಜೀವಂತವಾಗಿರುವುದು. ನಿಂತ ಯಂತ್ರದ ಸದ್ದನ್ನು ಯಾವ ಫಲಕವೂ ತಿಳಿಸಲಾರದು. ಆ ಲಿಬರೇಟರುಗಳಲ್ಲಿಯೇ ಒಂದನ್ನು ಅಮೆರಿಕದ ಸಂಸ್ಥೆಯೊಂದು ಕೊಂಡು, ಬಹುಪಾಲು ಬಿಚ್ಚಿ ಜೋಡಿಸಿ, 1989ರಿಂದ ಹಲವು ವರ್ಷ ಊರೂರಿಗೆ ಹಾರಿಸಿ ತೋರಿಸಿತು. ಮುದುಕರಾದ ಯೋಧರು ಅದರ ಕೆಳಗೆ ನಿಂತು ಕಣ್ಣೀರಿಟ್ಟರೆಂದರೆ ನಾವು ನಂಬುವೆವು.

ಆದರೆ ಅದೇ ಸಂಸ್ಥೆಯ ಇನ್ನೊಂದು ಯುದ್ಧಕಾಲದ ವಿಮಾನವು 2019ನೆಯ ಇಸವಿ ಅಕ್ಟೋಬರು 2ರಂದು ಕನೆಕ್ಟಿಕಟ್ ಸಂಸ್ಥಾನದಲ್ಲಿ ನೆಲಕ್ಕಪ್ಪಳಿಸಿ, ಒಳಗಿದ್ದ 13 ಜನರಲ್ಲಿ 7 ಮಂದಿ ಮೃತರಾದರು. ಮೇಲ್ವಿಚಾರಣೆ ಸಾಲದೆ ಹೋದುದೂ ಒಂದು ಕಾರಣವೆಂದು ತನಿಖೆಯಿಂದ ಹೊರಪಟ್ಟಿತು. 2022ರ ನವೆಂಬರಿನಲ್ಲಿ ಟೆಕ್ಸಾಸಿನ ಡಲ್ಲಾಸ್ ನಗರದ ಪ್ರದರ್ಶನದಲ್ಲಿ ಎರಡು ಹಳೆಯ ವಿಮಾನಗಳು ಆಕಾಶದಲ್ಲಿಯೇ ಡಿಕ್ಕಿಯಾಗಿ 6 ಮಂದಿ ಸತ್ತರು, ಎರಡು ವಿಮಾನಗಳೂ ನಾಶವಾದುವು. ಅಪಘಾತವಾಗದಿದ್ದರೂ ಸವಕಳಿ ತಪ್ಪದು. ಪ್ರತಿ ಹಾರಾಟದಲ್ಲಿಯೂ ಲೋಹವು ದಣಿಯುವುದು. ಇಂದು ಒಂದು ರಿವೆಟ್ಟು, ನಾಳೆ ಒಂದು ರೆಕ್ಕೆಯ ತಗಡು ಬದಲಾಗುತ್ತ ಹೋಗಿ, ಕೊನೆಗೆ ಯುದ್ಧದಲ್ಲಿ ಪಾಲ್ಗೊಂಡ ವಿಮಾನದ ಹೆಸರು ಮಾತ್ರ ಉಳಿಯುವುದು.

ನಮ್ಮ ವಾಯುಪಡೆಯವರು ಈ ವಿಷಯದಲ್ಲಿ ಹಿಡಿದಿರುವ ಒಂದು ದಾರಿಯು ನಮಗೆ ಮೆಚ್ಚಿಕೆಯಾಗಿದೆ. 1947ನೆಯ ಇಸವಿ ಅಕ್ಟೋಬರು 27ರಂದು ಸೈನಿಕರನ್ನು ಹೊತ್ತು ಶ್ರೀನಗರದಲ್ಲಿ ಇಳಿದ ಡಕೋಟಾ ವಿಮಾನಗಳ ನೆನಪಿಗಾಗಿ, ಇಂಗ್ಲೆಂಡಿನಲ್ಲಿ ದುರಸ್ತಿಯಾದ ಅದೇ ಜಾತಿಯ ಬೇರೊಂದು ವಿಮಾನವನ್ನು 2018ರಲ್ಲಿ ಕಾಣಿಕೆಯಾಗಿ ಪಡೆದು, ವಿ.ಪಿ. 905 ಎಂಬ ಹಳೆಯ ಸಂಖ್ಯೆಯನ್ನು ಬರೆಸಿ, ಪರಶುರಾಮನೆಂದು ಹೆಸರಿಟ್ಟು ಹಾರಿಸುತ್ತ ಬಂದಿರುವರು. ಡಕೋಟಾ ಜಾತಿಯವು ಲೋಕದಲ್ಲಿ ಇನ್ನೂ ಸಾಕಷ್ಟಿವೆ, ಬಿಡಿಭಾಗಗಳು ಸಿಕ್ಕುವುವು, ಹಾರಿಸಬಲ್ಲವರೂ ಇರುವರು. ಇಂಥದನ್ನು ಪ್ರಯಾಣಿಕರಿಲ್ಲದೆ, ಜನಸಂದಣಿಯಿಂದ ದೂರದಲ್ಲಿ, ತಕ್ಕ ಎಚ್ಚರದಿಂದ ಹಾರಿಸಲಿ. ಘಟನೆಗೆ ತಾನೇ ಸಾಕ್ಷಿಯಾದ ವಿಮಾನವನ್ನೂ, ಜಾತಿಗೆ ಕೆಲವೇ ಉಳಿದಿರುವುದನ್ನೂ ನೆಲದಿಂದ ಮೇಲೆಬ್ಬಿಸಬಾರದು. ಅಮೃತಮಹಲಿನ ನ್ಯಾಯವು ಕರು ಹಾಕುವ ಪ್ರಾಣಿಗೆ ಸಲ್ಲುವುದು, ಇದಕ್ಕೆ ಸಲ್ಲದು.

ಬೆಂಗಳೂರಿನಲ್ಲಿಯೇ ನಿರ್ಮಿತವಾದ ಮಾರುತ್ ಎಂಬ ಜೆಟ್ ಯುದ್ಧವಿಮಾನವನ್ನು ಕುರಿತು ಈ ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ಜರ್ಮನಿಯ ಕುರ್ಟ್ ಟ್ಯಾಂಕರ ನೇತೃತ್ವದಲ್ಲಿ ರಚಿತವಾದ ಅದನ್ನು 1961ನೆಯ ಇಸವಿ ಜೂನ್ 17ರಂದು ಮೊದಲು ಹಾರಿಸಿದ ಸುರಂಜನ ದಾಸರು, 1970ನೆಯ ಇಸವಿ ಜನವರಿ 10ರಂದು ಅದರ ಸುಧಾರಿತ ಮಾದರಿಯನ್ನು ಪರೀಕ್ಷಿಸುತ್ತಿದ್ದಾಗ ಬೆಂಗಳೂರಿನಲ್ಲಿಯೇ ಅಪಘಾತಕ್ಕೀಡಾಗಿ ಮಡಿದರು. ಅವರ ಹೆಸರಿನ ರಸ್ತೆಯು ಅಲ್ಲಿರುವುದು. ಅವರು ಪ್ರಾಣವನ್ನು ಪಣವಿಟ್ಟುದು ತಿಳಿಯದುದನ್ನು ತಿಳಿಯುವುದಕ್ಕಾಗಿ. ಮಾರುತ್ ಈಗ ಹಾರಿದರೆ ಹೊಸದಾಗಿ ತಿಳಿಯುವುದೇನೂ ಇಲ್ಲ. 1971ರ ಯುದ್ಧದಲ್ಲಿ ಕಾದಾಡಿ 1990ರ ಹೊತ್ತಿಗೆ ನಿವೃತ್ತವಾದ ಈ ಜಾತಿಯಲ್ಲಿ ಒಟ್ಟು ನಿರ್ಮಿಸಿದುದೇ 147.

ಹಾರಿಸಬೇಡಿ ಎಂದಮಾತ್ರಕ್ಕೆ ಬಯಲಿನಲ್ಲಿ ಬಿಡಿ ಎಂದರ್ಥವಲ್ಲ. ಬೆಂಗಳೂರಿನ ವಿಶ್ವೇಶ್ವರಯ್ಯ ಸಂಗ್ರಹಾಲಯದ ಅಂಗಳದಲ್ಲಿಯೂ, 2001ರಲ್ಲಿ ತೆರೆದ ಕಾರ್ಖಾನೆಯ ಸ್ವಂತ ಸಂಗ್ರಹಾಲಯದಲ್ಲಿಯೂ ವಿಮಾನಗಳನ್ನು ಆಕಾಶದ ಕೆಳಗೇ ನಿಲ್ಲಿಸಿದುದನ್ನು ನೋಡಿದವರು ಬಲ್ಲರು. ತಗಡುಗಳ ಸಂದಿನಲ್ಲಿ ಮಳೆಯ ನೀರು ನಿಂತರೆ ಅಲ್ಯೂಮಿನಿಯಂ ಬೂದಿಯಂತೆ ಉದುರುವುದು. ಬಿಸಿಲಿಗೆ ರಬ್ಬರು ಸಿಡಿಯುವುದು, ವೈಮಾನಿಕನ ಮೇಲಿನ ಪಾರದರ್ಶಕ ಮುಚ್ಚಳವು ಮಂಜಾಗುವುದು. ವರ್ಷಕ್ಕೊಮ್ಮೆ ಬಣ್ಣ ಬಳಿದರೆ ಇದು ಮುಚ್ಚಿಹೋಗುವುದೇ ಹೊರತು ನಿಲ್ಲುವುದಿಲ್ಲ. ಮೊದಲು ಬೇಕಾದುದು ಸೂರು. ಅನಂತರ, ಒಂದೆರಡರ ಎಂಜಿನುಗಳನ್ನಾದರೂ ನೆಲದ ಮೇಲೆಯೇ ಓಡಿಸುವಂತೆ ಇಟ್ಟುಕೊಂಡು, ಅವುಗಳನ್ನು ಜೋಡಿಸಿದ ನಿವೃತ್ತ ಕೆಲಸಗಾರರನ್ನು ಕರೆಸಿ, ಯಾವ ತಿರುಪನ್ನು ಯಾವ ಕ್ರಮದಲ್ಲಿ ಬಿಗಿಯುತ್ತಿದ್ದರೆಂಬುದನ್ನು ಅವರ ಬಾಯಿಂದಲೇ ಬರೆಸಿಕೊಳ್ಳಬೇಕು. ಮಾರುತ್ ತಯಾರಿಕೆಯಲ್ಲಿ ತರುಣರಾಗಿದ್ದವರು ಈಗ ಎಪ್ಪತ್ತು ಎಂಬತ್ತು ದಾಟಿರುವರು. ಸೂರಿಗೆ ತಗಲುವ ವೆಚ್ಚವು ಒಂದು ಹಾರಾಟದ ಪ್ರದರ್ಶನಕ್ಕೆ ಮಾಡುವ ಸಿದ್ಧತೆಯ ಮುಂದೆ ದೊಡ್ಡದಾಗಲಾರದು. ಕಾರ್ಖಾನೆಯ ಅಧಿಕಾರಿಗಳೂ ರಾಜ್ಯ ಸರ್ಕಾರವೂ ಇದನ್ನು ಮುಂದಿನ ಮುಂಗಾರಿಗೆ ಮೊದಲೇ ಆಲೋಚಿಸುವುದು ಯುಕ್ತ.