ಕಾಲು ಊತಕ್ಕೆ ಸೊಪ್ಪಿನ ಕಷಾಯ ಸಾಕೇ? ಡಾ. ವಿದರಿಂಗ್ ಕಥೆ ಓದಿ

ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಹುಟ್ಟಿದ್ದು 1741ರಲ್ಲಿ. ಮೈ ಊದಿಕೊಂಡವರಿಗೆ ಹಳ್ಳಿಯ ಅಜ್ಜಿಯೊಬ್ಬರು ಕೊಡುತ್ತಿದ್ದ ಗುಟ್ಟಿನ ಮದ್ದು 1775ರಲ್ಲಿ ಅವರ ಗಮನಕ್ಕೆ ಬಂತು. ಅದರಲ್ಲಿದ್ದ ಸುಮಾರು 20 ಮೂಲಿಕೆಗಳ ಪೈಕಿ ಕೆಲಸ ಮಾಡುತ್ತಿದ್ದುದು ಫಾಕ್ಸ್‌ಗ್ಲೋವ್ ಎಂದು ಗುರುತಿಸಿದರು. ಹತ್ತು ವರ್ಷ ರೋಗಿಗಳಿಗೆ ಕೊಟ್ಟು ನೋಡಿ, ಗುಣವಾಗದವರ ವಿವರವನ್ನೂ ಮುಚ್ಚಿಡದೆ, 1785ರಲ್ಲಿ ಪುಸ್ತಕ ಬರೆದರು. ಡೋಸ್ ಸ್ವಲ್ಪ ಮೀರಿದರೂ ಅದು ವಿಷವೆಂದು ಎಚ್ಚರಿಸಿದರು. 1799ರಲ್ಲಿ ತೀರಿಕೊಂಡರು.

ಆ ಮದ್ದು ಮುಖ್ಯವಾಗಿ ಹೃದಯಕ್ಕೆ ಬಲ ಕೊಟ್ಟು ಮೂತ್ರ ಹೆಚ್ಚಿಸುತ್ತಿತ್ತು. ಇಂದಿನ ಫ್ಯೂರೋಸೆಮೈಡ್ ಮಾತ್ರೆ ಕಿಡ್ನಿಯ ಮೂಲಕ ಉಪ್ಪು, ನೀರನ್ನು ಹೊರಹಾಕುತ್ತದೆ. ಉಪ್ಪಿನಕಾಯಿ, ಹಪ್ಪಳ, ಕೆಲವು ನೋವಿನ ಮಾತ್ರೆಗಳಿಂದ ಅದರ ಪರಿಣಾಮ ಕುಗ್ಗಬಹುದು.

ಊತ ಇಳಿಯದಿದ್ದರೆ ಮಾತ್ರೆ ಬಿಟ್ಟು ಕಷಾಯ ಕುಡಿಯಬೇಡಿ, ಡೋಸ್ ನೀವೇ ಹೆಚ್ಚಿಸಬೇಡಿ. ವೈದ್ಯರನ್ನು ಕಾಣಿ.